ಕಿಟಕಿಯ ಲೋಟಕ್ಕೊಂದು ಮುನ್ನುಡಿ

ಶ್ರೀರಾಂಪುರ, ಮೈಸೂರು
4 ಜೂನ್ 2023

ಪೂಜ್ಯ ಸಿದ್ದಮಲ್ಲಪ್ಪ ಸರ್ ಅವರಿಗೆ,

ನಯನಾಳ ನಮಸ್ಕಾರ. ನಿಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಅಟೆಂಡರ್ ಆಗಿದ್ದ ಮಹದೇವಯ್ಯನ ಮಗಳು ನಾನು. ಅಪ್ಪ ಭಾನುವಾರ ನಿಮ್ಮ ಮನೆಯ ಗಿಡಗಳಿಗೆ ನೀರು ಹಾಕಲು ಬರುವಾಗ ಜೊತೆಗೆ ಬರುತ್ತಿದ್ದೆ. ವರಾಂಡದ ಮೆಟ್ಟಿಲ ಮೇಲೆ ಕೂರಿಸಿ ನೀವು ಅಲಂಕಾರ ಹೇಳಿಕೊಟ್ಟಿರಿ. ‘ಮಗುವಿನ ಕೆನ್ನೆ ಬೆಣ್ಣೆಯಂತೆ ಮೃದು.’ ಕೆನ್ನೆ ಉಪಮೇಯ, ಬೆಣ್ಣೆ ಉಪಮಾನ, ‘ಅಂತೆ’ ವಾಚಕಪದ, ಮೃದುತ್ವ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಕಾಣೆಯಾದರೂ ಲುಪ್ತೋಪಮೆ. ಈಗ ಕುವೆಂಪುನಗರದ ಒಂದು ಹೈಸ್ಕೂಲಿನಲ್ಲಿ ನಾನೇ ಅದನ್ನು ಹತ್ತನೇ ತರಗತಿಗೆ ಹೇಳಿಕೊಡುತ್ತಿದ್ದೇನೆ. ಬೆಣ್ಣೆಯನ್ನೂ ಬದಲಾಯಿಸಿಲ್ಲ.

ಇದರ ಜೊತೆ ಮೂವತ್ತೆರಡು ಪದ್ಯಗಳಿವೆ. ನಿಮ್ಮ ನಿಯಮ ಮರೆತಿಲ್ಲ. ಪದ್ಯವೆಂದರೆ ಅಂಚೆಯಲ್ಲೇ ಬರಬೇಕು, ಮೊಬೈಲಿನಲ್ಲಿ ಕಳಿಸಿದರೆ ಓದುವುದಿಲ್ಲ, ನಿಮ್ಮ ಕೆಂಪು ಶಾಯಿಗೆ ಎಡಗಡೆ ಒಂದಂಗುಲ ಅಂಚು ಬಿಟ್ಟಿರಬೇಕು. ಬಿಟ್ಟಿದ್ದೇನೆ. ಪ್ರಕಾಶಕರೊಬ್ಬರು ದಸರಾ ಹೊತ್ತಿಗೆ ಪುಸ್ತಕ ಮಾಡುತ್ತೇನೆ ಅಂದಿದ್ದಾರೆ. ತಾವು ಮುನ್ನುಡಿ ಬರೆದುಕೊಡಬೇಕು.

ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಪ್ಪನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ನಿಮ್ಮ ಮನೆಗೆ ಬರುವುದು ಎರಡು ವರ್ಷದ ಹಿಂದೆ ನಿಂತಿದ್ದು ಅದಕ್ಕೇ. ಮಗಳ ಪುಸ್ತಕಕ್ಕೆ ಸಾರ್ ಬರೆದಿದ್ದನ್ನು ತಾನು ಕಣ್ಣು ಮುಚ್ಚುವ ಮುಂಚೆ ಕೇಳಬೇಕು ಎಂಬುದೊಂದೇ ಅವರ ಆಸೆ.

ನಿಮ್ಮ ಶಿಷ್ಯೆ,
ನಯನಾ


ಜಯಲಕ್ಷ್ಮಿಪುರಂ
17 ಜೂನ್ 2023

ಚಿ. ನಯನಾ,

ನಿನ್ನ ಕಟ್ಟು ತಲುಪಿತು. ಎಡಗಡೆ ಅಂಚು ಸರಿಯಾಗಿ ಬಿಟ್ಟಿದ್ದೀಯ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಮೂವತ್ತೆರಡು ಪದ್ಯದಲ್ಲಿ ‘ಅಂತೆ’, ‘ಹಾಗೆ’ ಸೇರಿ ನಲವತ್ತೊಂದು ಸಲ ಬಂದಿದೆ. ನಿವೃತ್ತನಿಗೆ ಎಣಿಸುವುದಕ್ಕೆ ಪುರುಸೊತ್ತಿದೆ. ಕಂಡದ್ದಕ್ಕೆಲ್ಲ ಇನ್ನೊಂದನ್ನು ತಂದು ಹೋಲಿಸುವವಳಿಗೆ ಕಂಡದ್ದರ ಮೇಲೆಯೇ ನಂಬಿಕೆ ಇಲ್ಲ ಎಂದರ್ಥ. ನಿನ್ನ ಚಾಮುಂಡಿ ಬೆಟ್ಟ ಒಂದು ಪದ್ಯದಲ್ಲಿ ಆನೆಯಂತೆ ಮಲಗಿದೆ, ಇನ್ನೊಂದರಲ್ಲಿ ಅಜ್ಜಿಯಂತೆ ಕೂತಿದೆ. ಬೆಟ್ಟವನ್ನು ಅದರ ಪಾಡಿಗೆ ಬಿಡು.

ನಿನ್ನ ತಾಯಿ ಊದುಬತ್ತಿ ಹೊಸೆಯುವ ಪದ್ಯಕ್ಕೆ ಬರೋಣ.

‘ಹೊಸೆದಳು ಅವ್ವ ಹೊಸೆದಳು
ಹಸಿ ಮಸಿಯ ಬಿಸಿಲಿಗೆ ಬೆಸೆದಳು
ಸರಸರ ಸರಸರ ಸವೆದಳು’

ಅನುಪ್ರಾಸ ಎಂದುಕೊಂಡಿದ್ದೀಯ. ನನಗೆ ಕುಕ್ಕರ್ ಕೂಗಿದ್ದು ಕೇಳಿಸಿತು. ಒಂದೇ ಅಕ್ಷರ ಹತ್ತು ಸಲ ತಂದರೆ ನಾದ ಹುಟ್ಟುವುದಿಲ್ಲ ಮಗಳೇ, ಗದ್ದಲ ಹುಟ್ಟುತ್ತದೆ. ಕಾಲೇಜಿನ ಗಂಟೆ ಹೊಡೆಯುವುದರಲ್ಲಿ ನಿಮ್ಮಪ್ಪನಿಗೆ ಒಂದು ಲಯ ಇತ್ತು. ನಿನಗದು ಬಂದಿಲ್ಲ.

ಇನ್ನು ‘ಕಿಟಕಿಯ ಲೋಟ’.

‘ಹಿತ್ತಲ ಕಿಟಕಿಯ ಕಂಬಿಯ ಹಿಂದೆ
ಬೋರಲು ಮಲಗಿದ ಲೋಟ, ತಳದಲ್ಲಿ
ಕೆಂಪನೆಯದೊಂದು ಬೊಟ್ಟು.
ತೊಳೆದನು ಅಪ್ಪ, ಕುಡಿದನು, ತೊಳೆದನು,
ಬಂದ ದಾರಿಯಲೆ ಹೊರಟನು ಮತ್ತೆ
ಬೋರಲು ಅಲ್ಲೇ ಇಟ್ಟು.’

ಬೊಟ್ಟು ಒಳ್ಳೆಯ ರೂಪಕ. ಕುಂಕುಮ, ಮುಳುಗುವ ಸೂರ್ಯ, ಸೌಭಾಗ್ಯ, ಎಲ್ಲವೂ ಹೊಳೆಯುತ್ತವೆ. ಆದರೆ ಅದನ್ನು ಹೊರಲು ಲೋಟ ಬಹಳ ಬಡ ವಸ್ತು. ಹಿತ್ತಲ ಕಿಟಕಿಯ ಬದಲು ದೇವರ ಗೂಡು ಮಾಡು, ಲೋಟದ ಬದಲು ಹಣತೆ. ಪದ್ಯ ಎದ್ದು ನಿಲ್ಲುತ್ತದೆ.

ತಿದ್ದಿ ಕಳಿಸು. ಮುನ್ನುಡಿಯ ಮಾತು ಆಮೇಲೆ. ನನ್ನ ಮೊಮ್ಮಗಳು ರಕ್ಷಿತಾ ನಿನ್ನ ತರಗತಿಯಲ್ಲೇ ಇದ್ದಾಳಂತೆ. ಅವಳಿಗಾದರೂ ಅಲಂಕಾರ ಸರಿಯಾಗಿ ಕಲಿಸು.

ಆಶೀರ್ವಾದಗಳೊಂದಿಗೆ,
ಸಿದ್ದಮಲ್ಲಪ್ಪ


ಶ್ರೀರಾಂಪುರ
9 ಜುಲೈ 2023

ಪೂಜ್ಯ ಸರ್,

ಕೆಂಪು ಶಾಯಿ ನೋಡಿ ಎರಡು ದಿನ ಅತ್ತೆ. ಮೂರನೆಯ ದಿನ ತಿದ್ದಲು ಕೂತೆ. ನಲವತ್ತೊಂದರಲ್ಲಿ ಮೂವತ್ತು ಹೋಲಿಕೆ ತೆಗೆದಿದ್ದೇನೆ. ಬೆಟ್ಟ ಈಗ ಬರೀ ಬೆಟ್ಟವಾಗಿದೆ, ನೀವು ಹೇಳಿದ್ದೇ ಸರಿ.

ಅವ್ವನ ಪದ್ಯದ ‘ಸರಸರ’ ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಹಲಗೆಯ ಮೇಲೆ ಅವಳ ಅಂಗೈ ಓಡುವಾಗ ಬರುವ ಸದ್ದು ಅದು. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನ ನಿದ್ದೆ ಹೋಗುತ್ತಿದ್ದದ್ದು ಆ ಸದ್ದಿಗೇ. ಅದಿಲ್ಲದಿದ್ದರೆ ಪದ್ಯದಲ್ಲಿ ಅವ್ವ ಇರುವುದಿಲ್ಲ.

ಲೋಟದ ಪದ್ಯವನ್ನೂ ತಿದ್ದಲು ನೋಡಿದೆ. ಹಣತೆ ಬರೆದೆ, ಹೊಡೆದು ಹಾಕಿದೆ. ಹಣತೆಯಲ್ಲಿ ಕಾಫಿ ಕುಡಿಯಲು ಆಗುವುದಿಲ್ಲ ಸರ್. ಅದರಲ್ಲಿ ಅಲಂಕಾರ ಏನೂ ಇಲ್ಲ. ಅದು ಲೋಟ. ಕಂಡದ್ದರ ಮೇಲೆ ನಂಬಿಕೆ ಇಡು ಎಂದು ಅದೇ ಕಾಗದದಲ್ಲಿ ನೀವೇ ಬರೆದಿದ್ದೀರಿ.

ಅಪ್ಪ ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಾರೆ. ಡಯಾಲಿಸಿಸ್ ಮಾಡುವ ನರ್ಸ್‌ಗಳಿಗೆಲ್ಲ ‘ನಮ್ ಸಾರು ನಮ್ ಉಡ್ಗಿ ಪುಸ್ತಕಕ್ಕೆ ಬರೀತಾವ್ರೆ’ ಎಂದು ಹೇಳಿಯಾಗಿದೆ. ದಯವಿಟ್ಟು ಬೇಗ ನೋಡಿ.

ನಿಮ್ಮ ಶಿಷ್ಯೆ,
ನಯನಾ


ಜಯಲಕ್ಷ್ಮಿಪುರಂ
20 ಆಗಸ್ಟ್ 2023

ಚಿ. ನಯನಾ,

ತಡವಾಯಿತು. ಎರಡು ಅಭಿನಂದನಾ ಸಮಾರಂಭ, ಒಂದು ವಿಚಾರ ಸಂಕಿರಣ. ಸಮಾನತೆಯ ಬಗ್ಗೆ ಒಂದು ಗಂಟೆ ಮಾತಾಡಿ ಗಂಟಲು ಕಟ್ಟಿದೆ.

ನನ್ನ ಮಾತನ್ನು ನನಗೇ ತಿರುಗಿಸಿದ್ದೀಯ. ಜಾಣೆ. ಆದರೆ ಜಾಣತನ ಬೇರೆ, ಕಾವ್ಯ ಬೇರೆ. ವಸ್ತು ಬರೀ ವಸ್ತುವಾಗಿಯೇ ಉಳಿದರೆ ಅದು ದಿನಸಿ ಚೀಟಿ. ಓದುಗ ನಿನ್ನ ಲೋಟ ನೋಡಿ ‘ಯಾರ ಮನೆಯ ಲೋಟ?’ ಎಂದು ಕೇಳಿದರೆ ಪದ್ಯ ಸತ್ತ ಹಾಗೆ. ಆ ಪ್ರಶ್ನೆ ಕವಿತೆಯದಲ್ಲ, ಪೊಲೀಸ್ ಠಾಣೆಯದು.

‘ತೊಳೆದನು, ಕುಡಿದನು, ತೊಳೆದನು’ ಎಂದು ಎರಡು ಸಲ ತೊಳೆಸಿದ್ದೀಯ. ಒಂದು ಸಾಕು. ನಾದಕ್ಕಾಗಿ ಮನುಷ್ಯನ ಕೈಯಲ್ಲಿ ಅನವಶ್ಯಕ ಕೆಲಸ ಮಾಡಿಸಬಾರದು.

ನಿನ್ನ ಪದ್ಯಗಳು ಕೆಟ್ಟವಲ್ಲ. ಅದೇ ಅವುಗಳ ತೊಂದರೆ. ಕೆಟ್ಟದ್ದನ್ನು ಹರಿದು ಹಾಕಬಹುದು, ಸಾಧಾರಣವಾದದ್ದನ್ನು ಏನು ಮಾಡುವುದು? ಒಂದು ಹೆಸರಿಗೆ ಐವತ್ತು ವರ್ಷ ದುಡಿದಿದ್ದೇನೆ. ನಿನ್ನ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಇಡುವ ಮುಂಚೆ ಯೋಚಿಸಬೇಕಾಗುತ್ತದೆ.

ಅಷ್ಟಕ್ಕೂ ಮಹದೇವಯ್ಯನಿಗೆ ಮುನ್ನುಡಿ ಎಂದರೇನು ಗೊತ್ತು? ಹಣ್ಣು ಕಳಿಸಲೇ?

ಆಶೀರ್ವಾದಗಳು.
ಸಿದ್ದಮಲ್ಲಪ್ಪ


ಶ್ರೀರಾಂಪುರ
18 ಸೆಪ್ಟೆಂಬರ್ 2023

ಪೂಜ್ಯ ಸರ್,

ಹಣ್ಣು ಬೇಡ. ಕಿಡ್ನಿ ಹೋದವರು ಎಲ್ಲ ಹಣ್ಣನ್ನೂ ತಿನ್ನುವಂತಿಲ್ಲ.

ಅಪ್ಪನಿಗೆ ಮುನ್ನುಡಿ ಎಂದರೇನೆಂದು ಗೊತ್ತು. ನಿಮ್ಮ ಮುನ್ನುಡಿ ಇರುವ ಹದಿನಾಲ್ಕು ಪುಸ್ತಕಗಳು ನಮ್ಮ ಮನೆಯಲ್ಲಿವೆ. ಅವುಗಳ ಪ್ರೂಫ್ ಹೊತ್ತು ಪ್ರೆಸ್ಸಿಗೂ ನಿಮ್ಮ ಮನೆಗೂ ಸೈಕಲ್ ತುಳಿದವರು ಅವರೇ.

ಪ್ರಕಾಶಕರು ಅಕ್ಟೋಬರ್ ಹತ್ತರವರೆಗೆ ಕಾಯುತ್ತಾರೆ. ಡಾಕ್ಟರು ಬೇರೆ ಲೆಕ್ಕ ಹೇಳಿದ್ದಾರೆ. ಅಪ್ಪನ ಮೈ ಡಯಾಲಿಸಿಸ್ ತಡೆದುಕೊಳ್ಳುತ್ತಿಲ್ಲ.

ಲೋಟದ ಪದ್ಯವನ್ನು ಮೊನ್ನೆ ಅವರಿಗೆ ಓದಿ ಹೇಳಿದೆ. ಅಲ್ಲಿಯವರೆಗೆ ಓದಿರಲಿಲ್ಲ, ಧೈರ್ಯ ಇರಲಿಲ್ಲ. ಅವರು ಹಾಸಿಗೆಯಲ್ಲಿ ಎದ್ದು ಕೂತರು. ‘ಅದ್ಯಾಕವ್ವಾ ಅದ್ನೆಲ್ಲ ಬರಿಯಕ್ಕೋದೆ? ಸಾರು ಬೇಜಾರ್ ಮಾಡ್ಕತಾರೆ. ಕಾಫಿ ಬಿಸಿಬಿಸಿಯಾಗ್ ಕೊಡೋರು ಕಣವ್ವಾ. ಒಂದಿನಾನೂ ಆರೋಗಿದ್ ಕೊಟ್ಟಿಲ್ಲ’ ಎಂದು ಬೈದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಹೌದು ಸರ್, ಅದು ನಿಮ್ಮ ಮನೆಯ ಲೋಟ. ನಿಮಗೆ ತಿಳಿದಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಅಡುಗೆಮನೆಯ ಹಿಂದೆ ಏನಿದೆ ಎಂದು ನೋಡಲು ನಿಮಗೆ ಹೊತ್ತೆಲ್ಲಿತ್ತು. ಬೇಕಾದರೆ ಆ ಪದ್ಯ ತೆಗೆದುಬಿಡುತ್ತೇನೆ. ಬೇಕಾದರೆ ಅವ್ವನ ‘ಸರಸರ’ವನ್ನೂ ತೆಗೆಯುತ್ತೇನೆ. ನಾಲ್ಕೇ ಸಾಲು ಬರೆದುಕೊಡಿ. ಅಪ್ಪ ಕೇಳಲಿ.

ನಯನಾ


ಜಯಲಕ್ಷ್ಮಿಪುರಂ
7 ಅಕ್ಟೋಬರ್ 2023

ಚಿ. ನಯನಾ,

ಮುನ್ನುಡಿ ಇದರ ಜೊತೆಗಿದೆ. ಲೋಟದ ಪದ್ಯ ಇರಲಿ, ತೆಗೆಯಬೇಡ. ಯಾರೂ ತಪ್ಪು ತಿಳಿಯದ ಹಾಗೆ ನಾನೇ ದಾರಿ ಮಾಡಿದ್ದೇನೆ. ಒಂದಕ್ಷರವನ್ನೂ ಬದಲಿಸಬಾರದು.

ಸಿದ್ದಮಲ್ಲಪ್ಪ

*ಮುನ್ನುಡಿಯಿಂದ:*

“ಈ ಕವಿಯ ತಂದೆ ಮಹದೇವಯ್ಯ ನನ್ನ ವಿಭಾಗದಲ್ಲಿ ಸೇವೆ ಸಲ್ಲಿಸಿದವನು. ಮಹದೇವಯ್ಯ ನಮ್ಮ ಮನೆಯವನಂತೆ ಇದ್ದ. ಅವನ ಮಗಳು ನನ್ನ ವರಾಂಡದಲ್ಲಿ ಕಲಿತ ಅಲಂಕಾರ ಇಂದು ಫಲ ಕೊಟ್ಟಿದೆ. ‘ಕಿಟಕಿಯ ಲೋಟ’ ಇವಳ ಕಲ್ಪನಾಶಕ್ತಿಗೆ ಸಾಕ್ಷಿ. ಇಲ್ಲದ್ದನ್ನು ಇದ್ದಂತೆ ಕಲ್ಪಿಸುವುದಕ್ಕೆ ನಮ್ಮ ಆಲಂಕಾರಿಕರು ಉತ್ಪ್ರೇಕ್ಷೆ ಎಂದರು. ನಡೆಯದ ನೋವನ್ನು ನಡೆದಂತೆ ಕಾಣಿಸುವ ಈ ಬಗೆ ಎಳೆಯ ಕವಿಗಳಿಗೆ ಸಹಜ. ಓದುಗರು ಇದನ್ನು ಕಲ್ಪನೆಯಾಗಿಯೇ ಸವಿಯಬೇಕು.”


ಶ್ರೀರಾಂಪುರ
26 ಅಕ್ಟೋಬರ್ 2023

ಸರ್,

ನಿಮ್ಮ ಮುನ್ನುಡಿಯನ್ನು ಅಪ್ಪನಿಗೆ ಓದಿ ಹೇಳಿದೆ. ‘ಮನೆಯವನಂತೆ’ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಇನ್ನೊಂದ್ಸಲ ಓದವ್ವಾ’ ಅಂದರು. ಓದಿದೆ. ಮತ್ತೆ ಓದಿಸಿದರು. ‘ನೋಡ್ದಾ? ನಿಂಗೇನ್ ಗೊತ್ತು ನಮ್ ಸಾರ್ ಇಚಾರ’ ಎಂದು ಅತ್ತರು. ಮುಂದಿನದನ್ನು ಅವರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನಾನೂ ಜೋರಾಗಿ ಓದಲಿಲ್ಲ. ಆ ಹಾಳೆಯನ್ನು ಅವ್ವನ ಕೈಲಿ ಪ್ಲಾಸ್ಟಿಕ್ ಕವರಿಗೆ ಹಾಕಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು.

ಆಯುಧಪೂಜೆಯ ದಿನ ಬೆಳಿಗ್ಗೆ ತೀರಿಕೊಂಡರು. ನಿಮ್ಮ ಮನೆಗೆ ಫೋನ್ ಮಾಡಿಸಿದ್ದೆ. ನೀವು ಬರಬಹುದೆಂದು ಅವ್ವ ನಾಲ್ಕು ಗಂಟೆಯವರೆಗೆ ಎತ್ತಲು ಬಿಡಲಿಲ್ಲ.

ನಯನಾ


ಜಯಲಕ್ಷ್ಮಿಪುರಂ
3 ನವೆಂಬರ್ 2023

ನಯನಾ ತಾಯಿ,

ನಾನು ಪಾರ್ವತಮ್ಮ, ನಿಮ್ಮ ಸಾರ್ ಹೆಂಡತಿ. ವಿಳಾಸ ನಿನ್ನ ಕವರಿನ ಹಿಂದೆ ಇತ್ತು. ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಅವತ್ತು ಫೋನ್ ಬಂದಾಗ ಕಾಲು ನೋವು ಅಂದರು. ಸಂಜೆ ಅದೇ ಕಾಲಲ್ಲಿ ಕಾರ್ಯಕ್ರಮಕ್ಕೆ ಹೋದರು. ನಾನೊಬ್ಬಳೇ ಆಟೋದಲ್ಲಿ ಬರಬಹುದಿತ್ತು. ಬರಲಿಲ್ಲ. ಬಂದು ಎಲ್ಲಿ ಕೂರುವುದು, ನಿಮ್ಮವ್ವ ನೀರು ಕೊಟ್ಟರೆ ಏನು ಮಾಡುವುದು ಅಂತ ಯೋಚನೆ ಮಾಡಿದೆ. ಸುಳ್ಳು ಯಾಕೆ ಹೇಳಲಿ.

ಲೋಟದ ತಳಕ್ಕೆ ಬೊಟ್ಟು ಇಟ್ಟವಳು ನಾನೇ. ಒಳಗಿನ ಲೋಟದ ಜೊತೆ ಸೇರಿಹೋಗಬಾರದು ಅಂತ ಉಗುರುಬಣ್ಣದಲ್ಲಿ ಇಟ್ಟೆ. ಇಡು ಅಂದವರು ಅವರು. ಮಹದೇವಯ್ಯ ನೀರು ಹಾಕುವಾಗ ನಿನಗೆ ಯಾವಾಗಲೂ ಬಾಳೆಹಣ್ಣು ಕೊಡುತ್ತಿದ್ದೆ ನೆನಪಿದೆಯಾ. ಅದಕ್ಕೆ ಲೋಟ ಬೇಕಾಗಿರಲಿಲ್ಲ.

ಅವರಿಗೆ ಗೊತ್ತಿರಲಿಲ್ಲ ಅಂತ ನೀನು ಸೆಪ್ಟೆಂಬರಿನಲ್ಲಿ ಬರೆದಿದ್ದೀಯ. ಆ ಕಾಗದ ಟೇಬಲ್ ಮೇಲೆ ಇತ್ತು, ಓದಿದೆ. ಜೂನ್‌ನಲ್ಲಿ ನಿನ್ನ ಪದ್ಯ ಬಂದ ದಿನ ಓದುತ್ತಾ ಕೂತವರು ಎದ್ದು ಹಿತ್ತಲಿಗೆ ಹೋದರು. ಲೋಟ ತೆಗೆದು ತಿರುಗಿಸಿ ನೋಡಿದರು. ‘ಇದನ್ನು ಗುಜರಿಗೆ ಹಾಕು’ ಅಂದರು. ಕೈ ತೊಳೆದುಕೊಂಡು ಒಳಗೆ ಬಂದು ನಿನಗೆ ಕಾಗದ ಬರೆಯಲು ಕೂತರು.

ನಾನು ಹಾಕಲಿಲ್ಲ. ಇನ್ನೂ ಅಲ್ಲೇ ಇದೆ. ನಿನಗೆ ಬೇಕಾದರೆ ಕಳಿಸುತ್ತೇನೆ. ಕ್ಷಮಿಸು ಅಂತ ಕೇಳುವ ಮುಖ ಇಲ್ಲ.

ಪಾರ್ವತಮ್ಮ


ಶ್ರೀರಾಂಪುರ
10 ಡಿಸೆಂಬರ್ 2023

ಸಿದ್ದಮಲ್ಲಪ್ಪನವರಿಗೆ,

ಪುಸ್ತಕ ಬಂದಿದೆ. ಒಂದು ಪ್ರತಿ ಕಳಿಸಿದ್ದೇನೆ. ನಿಮ್ಮ ಮುನ್ನುಡಿ ಮೊದಲ ಪುಟದಲ್ಲಿದೆ, ಒಂದಕ್ಷರವೂ ಬದಲಾಗಿಲ್ಲ. ಹರಿದು ಹಾಕಬೇಕೆಂದಿದ್ದೆ, ಆಗಲಿಲ್ಲ. ಅಪ್ಪ ದಿಂಬಿನ ಕೆಳಗೆ ಇಟ್ಟುಕೊಂಡು ಸತ್ತ ಮಾತು ಅದು. ‘ಸರಸರ’ವೂ ಇದೆ. ಎರಡು ಸಲ ತೊಳೆದದ್ದೂ ಇದೆ. ಅಪ್ಪ ಮೊದಲ ಸಲ ತೊಳೆಯುತ್ತಿದ್ದದ್ದು ಕಿಟಕಿಯ ಧೂಳಿಗೆ, ಎರಡನೆಯ ಸಲ ನಿಮಗೆ.

ಜೂನ್‌ನ ಆ ದಿನ ನೀವು ಹಿತ್ತಲಿಗೆ ಎದ್ದು ಹೋದದ್ದು ನನಗೆ ತಿಳಿಯಿತು. ಹೇಗೆಂದು ಕೇಳಬೇಡಿ. ನಾಲ್ಕು ತಿಂಗಳು ನಾನು ಹೋಲಿಕೆ ಕತ್ತರಿಸುತ್ತಿದ್ದೆ, ಅಪ್ಪ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದರು, ನೀವು ಬೊಟ್ಟಿನಲ್ಲಿ ಸೂರ್ಯ ಮುಳುಗಿಸುತ್ತಿದ್ದಿರಿ. ನಿಮ್ಮನ್ನು ದೇವರೆಂದು ನಂಬಿದ್ದ ನನ್ನ ಮೇಲೆಯೇ ನನಗೆ ಅಸಹ್ಯ ಹುಟ್ಟಿದೆ.

ಹೋದ ವಾರ ತರಗತಿಯಲ್ಲಿ ಅಲಂಕಾರದ ಪುನರಾವರ್ತನೆ ಇತ್ತು. ಈ ಸಲ ಬೆಣ್ಣೆಯನ್ನು ಬಿಟ್ಟೆ. ಬೋರ್ಡಿನ ಒಂದು ಕಡೆ ಲೋಟದ ಪದ್ಯ ಬರೆದೆ. ಇನ್ನೊಂದು ಕಡೆ ಪ್ರಶ್ನೆ: ‘ಮಹದೇವಯ್ಯ ನಮ್ಮ ಮನೆಯವನಂತೆ ಇದ್ದ. ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿ.’ ಬರೆದವರು ಯಾರೆಂದು ಹೇಳಲಿಲ್ಲ. ಪದ್ಯದಲ್ಲಿರುವ ಅಪ್ಪನೇ ಈ ಮಹದೇವಯ್ಯ ಎಂದಷ್ಟೇ ಹೇಳಿದೆ.

ರಕ್ಷಿತಾ ಎದ್ದು ನಿಂತಳು. ‘ಮಿಸ್, ಈ ಲೋಟ ನಮ್ ತಾತನ ಮನೇಲಿದೆ. ಕೆಂಪು ಬೊಟ್ಟಿರೋದು. ಗಿಡಕ್ಕೆ ನೀರು ಹಾಕ್ತಿದ್ರಲ್ಲ, ಅದೇ ಮಹದೇವಣ್ಣನಾ?’ ಅಂದಳು. ಹೌದು ಅಂದೆ. ಬಂದು ಉತ್ತರ ಬರೆ ಅಂದೆ. ಕೂರು ಎನ್ನಬಹುದಿತ್ತು, ಅನ್ನಲಿಲ್ಲ.

ನೀವು ಕೇಳಿಕೊಂಡ ಹಾಗೆ ಅವಳಿಗೆ ಅಲಂಕಾರ ಸರಿಯಾಗಿಯೇ ಕಲಿಸಿದ್ದೇನೆ. ಉಪಮೇಯ: ಮಹದೇವಯ್ಯ. ಉಪಮಾನ: ಮನೆಯವನು. ವಾಚಕಪದ: ಅಂತೆ. ಒಂದೂ ತಪ್ಪಿಲ್ಲದೆ ಬರೆದಳು. ಸಮಾನಧರ್ಮಕ್ಕೆ ಬಂದು ಸೀಮೆಸುಣ್ಣ ಹಿಡಿದು ನಿಂತಳು.

‘ಅವ್ರು ಒಳಗೆ ಬರ್ತಿದ್ರಾ ಮಿಸ್?’

‘ಇಲ್ಲ.’

‘ಜೊತೇಲಿ ಊಟ?’

‘ಇಲ್ಲ.’

‘ಮತ್ತೆ ಯಾವುದರಲ್ಲಿ ಮನೆಯವರ ಥರ?’

‘ನಿಮ್ಮ ತಾತನ ಮನೆ. ನೀನೇ ಹೇಳು’ ಅಂದೆ.

ಅವಳು ಬೋರ್ಡಿನ ಕಡೆ ತಿರುಗಿ ಪದ್ಯವನ್ನು ಇನ್ನೊಮ್ಮೆ ಓದಿದಳು. ಆಮೇಲೆ ‘ಸಮಾನಧರ್ಮ: ಇಲ್ಲ. ಆದ್ದರಿಂದ ಇದು ಲುಪ್ತೋಪಮೆ’ ಎಂದು ಬರೆದು, ಕೈಯ ಪುಡಿ ಒರೆಸಿಕೊಳ್ಳದೆ ಹೋಗಿ ಕೂತಳು. ಬೆಲ್ ಆದ ಮೇಲೆ ಕಾರಿಡಾರಿನಲ್ಲಿ ಅಳುತ್ತಿದ್ದಳು. ಅವಳಿಗೆ ಹದಿನೈದು ವರ್ಷ. ನಾನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲೇ ನಡೆದು ಸ್ಟಾಫ್ ರೂಮಿಗೆ ಹೋದೆ. ಮಗುವನ್ನು ಇದಕ್ಕೆ ಎಳೆಯಬಾರದಿತ್ತು ಎಂದು ನನಗೂ ಗೊತ್ತು. ಹೀಗೆ ಗೊತ್ತಿದ್ದೂ ಮಾಡುವುದನ್ನು ನಿಮ್ಮಿಂದಲೇ ಕಲಿತೆ.

ಲೋಟ ನಮಗೆ ಬೇಡ. ಅದು ನಿಮ್ಮ ಮನೆಯದು, ನಿಮ್ಮ ಮನೆಯಲ್ಲೇ ಇರಲಿ. ಗುಜರಿಗೆ ಹಾಕಿದರೂ ರಕ್ಷಿತಾ ಬಂದಾಗಲೆಲ್ಲ ಆ ಕಿಟಕಿ ನೋಡುತ್ತಾಳೆ.

ಅದೇ ಪ್ರಶ್ನೆಗೆ ಮರುದಿನ ಬರೆಸಿದ ಮೂವತ್ತೆಂಟು ಮಕ್ಕಳ ಉತ್ತರ ಪತ್ರಿಕೆಗಳು ಇದರ ಜೊತೆಗಿವೆ. ಎಲ್ಲರೂ ಎಡಗಡೆ ಒಂದಂಗುಲ ಅಂಚು ಬಿಟ್ಟಿದ್ದಾರೆ. ರಕ್ಷಿತಾಳದ್ದು ಮೇಲೆಯೇ ಇದೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ.

ನಿಧಾನವಾಗಿಯೇ ನೋಡಿ. ಈಗ ನಮ್ಮ ಮನೆಯಲ್ಲಿ ನಿಮ್ಮ ಕಾಗದಕ್ಕೆ ಯಾರೂ ಕಾಯುತ್ತಿಲ್ಲ.

ನಯನಾ
ಮಹದೇವಯ್ಯನವರ ಮಗಳು